ದಾವಣಗೆರೆಯ ಮಾರ್ಕ್ಸ್ ಕಾರ್ಡ್ ಹಿಡಿದು ನ್ಯಾಷನಲ್ ಆನರ್ ಸೊಸೈಟಿಗೆ: ನನ್ನ ಅನುಭವ

ಒಂಬತ್ತನೇ ಕ್ಲಾಸ್ ದಾವಣಗೆರೆಯಲ್ಲಿ ಮುಗಿಸಿ ಹತ್ತನೆಯದಕ್ಕೆ ನ್ಯೂಜೆರ್ಸಿಯ ಪಬ್ಲಿಕ್ ಹೈಸ್ಕೂಲಿಗೆ ಸೇರಿದೆ. ಓದಿನ ಜೊತೆ ಸೇವೆ, ನಾಯಕತ್ವ, ನಡತೆ ನೋಡಿ ಹೈಸ್ಕೂಲ್ ವಿದ್ಯಾರ್ಥಿಗಳನ್ನು ಆರಿಸುವ ಗೌರವ ಸಂಘ ಇಲ್ಲಿನ ನ್ಯಾಷನಲ್ ಆನರ್ ಸೊಸೈಟಿ, ಅಂದರೆ ಎನ್‌ಎಚ್‌ಎಸ್. ಎನ್‌ಎಚ್‌ಎಸ್‌ಗೆ ಪ್ರಯತ್ನಿಸುತ್ತೇನೆ ಅಂದಾಗ ಕನ್ನಡ ಕೂಟದ ಅಂಕಲ್ ಒಬ್ಬರು, ‘ಅದೆಲ್ಲ ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಕಣಪ್ಪ, ಟೀಚರ್‌ಗಳಿಗೆ ನಿನ್ನ ಮುಖವೇ ಗೊತ್ತಿಲ್ಲ, ಸುಮ್ನೆ ಕಾಲೇಜ್ ಸೇರೋ ಪರೀಕ್ಷೆ ಎಸ್‌ಎಟಿ ನೋಡ್ಕೊ’ ಅಂದರು. ಹನ್ನೊಂದರಲ್ಲಿ ಹೆಸರು ಬರದೇ ಹೋದಾಗ ಅಪ್ಪನೂ ಅದೇ ರಾಗ ಎಳೆದರು. ಹನ್ನೆರಡನೇ ಕ್ಲಾಸಿನ ಅಕ್ಟೋಬರ್‌ನಲ್ಲಿ ಆಯ್ಕೆಯ ಪತ್ರ ಬಂತು. ನನ್ನ ಹಾಗೆ ಎಚ್-4ರಲ್ಲಿ (ಕೆಲಸದ ವೀಸಾದಲ್ಲಿ ಬಂದವರ ಸಂಗಾತಿ, ಮಕ್ಕಳಿಗೆ ಕೊಡುವ ವೀಸಾ), ನಡುವೆ ಬಂದು ಸೇರಿದವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಸ್ಕಾಲರ್‌ಷಿಪ್, ಸರ್ವಿಸ್, ಲೀಡರ್‌ಷಿಪ್, ಕ್ಯಾರೆಕ್ಟರ್ ಅನ್ನುವ ಆಯ್ಕೆಯ ನಾಲ್ಕು ಕಂಬಗಳ ಕಥೆ ನಿಮಗೆಲ್ಲ ಗೊತ್ತು. ಅದನ್ನು ಬಿಡುತ್ತೇನೆ.

ಮೊದಲ ಜಗಳ ಜಿಪಿಎಯದು, ಅಂದರೆ 4.0ಕ್ಕೆ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿಯದು. ರಾಷ್ಟ್ರಮಟ್ಟದ ಕನಿಷ್ಠ 3.0, ಆದರೆ ಪ್ರತಿ ಶಾಲೆಯೂ ಅದನ್ನು ಏರಿಸಿಕೊಳ್ಳಬಹುದು. ನಮ್ಮಲ್ಲಿ 3.6, ಅದೂ ಕಷ್ಟದ ಕೋರ್ಸಿಗೆ ಹೆಚ್ಚಿನ ಅಂಕ ಸೇರಿಸದ ಅನ್‌ವೇಟೆಡ್. ದಾವಣಗೆರೆಯಲ್ಲಿ ನನಗೆ ಶೇ. 86ರ ಆಸುಪಾಸು ಬಂದಿತ್ತು, ಕ್ಲಾಸಿಗೆ ಮೂರನೆಯವನು. ಇಲ್ಲಿನ ಕೌನ್ಸೆಲಿಂಗ್ ಆಫೀಸಿನವರು ಅದೇ ಅಂಕವನ್ನು ತಮ್ಮ ಅಳತೆಗೋಲಿನಲ್ಲಿಟ್ಟು ‘ಬಿ’ ಅಂತ ಬರೆದುಬಿಟ್ಟರು. ಗಣಿತದಲ್ಲಿ 79 ಇದ್ದದ್ದು ‘ಸಿ ಪ್ಲಸ್’ ಆಯಿತು! ಒಂಬತ್ತನೆಯದು ಹೈಸ್ಕೂಲಿನ ಲೆಕ್ಕಕ್ಕೇ ಸೇರುವುದರಿಂದ ಇಡೀ ಸರಾಸರಿ ಕುಸಿಯಿತು. ಇಲ್ಲಿ ಎಲ್ಲದರಲ್ಲೂ ಎ ತೆಗೆದರೂ 3.5 ದಾಟುತ್ತಿರಲಿಲ್ಲ.

ನಮ್ಮ ಕಡೆಯವರು ಬಹಳ ಮಂದಿ ಇಲ್ಲೇ ಕೈಚೆಲ್ಲುತ್ತಾರೆ. ವಿದೇಶಿ ಅಂಕಪಟ್ಟಿ ಮೌಲ್ಯಮಾಪನ ಮಾಡುವ ಏಜೆನ್ಸಿಗಳಿವೆ. ಅಪ್ಪ ಸುಮಾರು 150 ಡಾಲರ್ ಕಟ್ಟಿದರು. ದಾವಣಗೆರೆಯ ಶಾಲೆಯಿಂದ ಮೊಹರು ಹಾಕಿದ ಲಕೋಟೆ ತರಿಸಲು ಚಿಕ್ಕಪ್ಪ ಮೂರ್ನಾಲ್ಕು ಸಲ ಆಫೀಸಿಗೆ ಅಲೆದರು, ಕೊರಿಯರ್‌ಗೆ ಇನ್ನೂ ಎರಡು ಸಾವಿರ ರೂಪಾಯಿ ಚಿಲ್ಲರೆ. ವರದಿ ಬಂದಾಗ ಹೆಚ್ಚಿನ ವಿಷಯಗಳು ಎ, ಗಣಿತ ಮಾತ್ರ ಬಿ ಪ್ಲಸ್. ಶಾಲೆ ಮೊದಲು ಒಪ್ಪಲಿಲ್ಲ. ಕೊನೆಗೆ ಹನ್ನೊಂದರ ಬೇಸಿಗೆ ರಜೆಗೆ ಮುಂಚೆ ತಿದ್ದಿದರು, 3.8ರ ಹತ್ತಿರ ಬಂತು. ಅವರನ್ನು ಒಪ್ಪಿಸಿದ ಬಗೆಯೊಂದಿದೆ, ಅದನ್ನು ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗರಿಗೆ ಮಾತ್ರ ಹೇಳುತ್ತೇನೆ.

ಹನ್ನೊಂದರಲ್ಲಿ, ಜಿಪಿಎ ತಿದ್ದುವ ಮೊದಲೇ, ಅರ್ಹತೆಯ ಪಟ್ಟಿಗೇನೋ ಕೌನ್ಸೆಲರ್ ಶಿಫಾರಸಿನ ಮೇಲೆ ಸೇರಿಸಿಕೊಂಡಿದ್ದರು, ಆದರೆ ಆಯ್ಕೆಯಾಗಲಿಲ್ಲ. ಪ್ರಿನ್ಸಿಪಾಲರು ನೇಮಿಸಿದ ಐದು ಟೀಚರ್‌ಗಳ ಫ್ಯಾಕಲ್ಟಿ ಕೌನ್ಸಿಲ್ ಮತ ಹಾಕುತ್ತದೆ, ಘಟಕ ನೋಡಿಕೊಳ್ಳುವ ಅಡ್ವೈಸರ್‌ಗೆ ಮತ ಇಲ್ಲ. ಎನ್‌ಎಚ್‌ಎಸ್‌ನ ರಾಷ್ಟ್ರೀಯ ಸಂಸ್ಥೆಗೆ ದೂರು ಕೊಟ್ಟು ಪ್ರಯೋಜನವಿಲ್ಲ. ಶಾಲೆಯ ತೀರ್ಮಾನವನ್ನು ಅವರು ಬದಲಿಸುವುದಿಲ್ಲ. ಕೂತು ನನ್ನ ಫಾರಂ ಮತ್ತೆ ಓದಿದೆ. ಲೈಬ್ರರಿ, ಪಾರ್ಕ್ ಸ್ವಚ್ಛತೆ, ದೇವಸ್ಥಾನದ ಪ್ರಸಾದ ಕೌಂಟರ್, 5ಕೆ ಓಟದಲ್ಲಿ ನೀರು ಕೊಡೋದು, ಹೀಗೆ ಐದಾರು ಕಡೆ ಸೇರಿ 60 ಗಂಟೆ. ಎಲ್ಲಿಯೂ ‘ಈ ಹುಡುಗನಿಂದ ಇದು ಬದಲಾಯಿತು’ ಅನ್ನುವ ಒಂದು ಸಾಲು ಇರಲಿಲ್ಲ. ಮುಖ ಪರಿಚಯವಿಲ್ಲದ ಐವರ ಮುಂದೆ ಆ ಸಾಲೇ ನಮ್ಮ ಪರ ಮಾತಾಡಬೇಕು.

ಎಚ್-4 ಮಕ್ಕಳು ಸಂಬಳಕ್ಕೆ ದುಡಿಯುವ ಹಾಗಿಲ್ಲ. ಗೆಳೆಯರೆಲ್ಲ ಬೇಸಿಗೆಯಲ್ಲಿ ಐಸ್‌ಕ್ರೀಂ ಅಂಗಡಿ ಸೇರಿದರೆ ನಾನು ಊರಿನ ಚರ್ಚೊಂದರ ಫುಡ್ ಪ್ಯಾಂಟ್ರಿಗೆ (ಕಷ್ಟದಲ್ಲಿರುವವರಿಗೆ ಉಚಿತವಾಗಿ ದಿನಸಿ ಕೊಡುವ ಜಾಗ) ಸೇವೆಗೆ ಹೋಗತೊಡಗಿದೆ, ವಾರಕ್ಕೆ ಎರಡು ದಿನ. ಅಲ್ಲಿಗೆ ಬರುತ್ತಿದ್ದ ಗುಜರಾತಿ ಅಜ್ಜಿಯೊಬ್ಬರು ಡಬ್ಬಿಗಳನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಇಟ್ಟುಬಿಡುತ್ತಿದ್ದರು. ಸಣ್ಣ ಅಕ್ಷರ ಓದಿದೆ. ರಿಫ್ರೈಡ್ ಬೀನ್ಸ್‌ನಲ್ಲಿ ಲಾರ್ಡ್, ಅಂದರೆ ಹಂದಿ ಕೊಬ್ಬು. ತರಕಾರಿ ಸೂಪ್ ಅಂತ ಬರೆದ ಡಬ್ಬಿಯಲ್ಲಿ ಬೀಫ್ ಸ್ಟಾಕ್. ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ನಮ್ಮೂರಿನ ಬಿಸ್ಕತ್ ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ಇಲ್ಲಿ ಇಲ್ಲವಲ್ಲ! ಹಸಿರು ಸ್ಟಿಕ್ಕರ್ ಹಾಳೆಗಳನ್ನು 12 ಡಾಲರ್‌ಗೆ ತಂದು, ಸಸ್ಯಾಹಾರದ ಡಬ್ಬಿಗಳಿಗೆಲ್ಲ ಚುಕ್ಕೆ ಅಂಟಿಸಿ ಒಂದು ಕಪಾಟು ಬೇರೆ ಮಾಡಿದೆ. ಮೊದಲ ವಾರ ಯಾರೂ ಅತ್ತ ಸುಳಿಯಲಿಲ್ಲ, ಚುಕ್ಕೆ ಏನೆಂದು ಇತರರಿಗೆ ತಿಳಿಯದು. ಇಂಗ್ಲಿಷ್, ಹಿಂದಿ, ಗುಜರಾತಿಯಲ್ಲಿ ಬರೆದ ಹಾಳೆ ತೂಗುಹಾಕಿದ ಮೇಲೆ ಕಪಾಟು ಮಧ್ಯಾಹ್ನದ ಹೊತ್ತಿಗೇ ಖಾಲಿ. ಹಂದಿ ಮಾಂಸ ಮುಟ್ಟದ ಮನೆಯವರೂ ಅಲ್ಲಿಂದಲೇ ಒಯ್ಯತೊಡಗಿದರು. ಮುಂದೆ ಎಂಟು ಹತ್ತು ಹುಡುಗರನ್ನು ಸೇರಿಸಿ ಸರದಿ ಪಟ್ಟಿ ಮಾಡಿದೆ. ಈಗಲೂ ನಡೆಯುತ್ತಿದೆ, ಅದರ ಬಗ್ಗೆ ನನಗೆ ತುಂಬ ಹೆಮ್ಮೆ. ಲೀಡರ್‌ಷಿಪ್ ಅಂದರೆ ಕ್ಲಬ್ಬಿನ ಪ್ರೆಸಿಡೆಂಟ್ ಆಗಬೇಕು ಅನ್ನುವವರಿಗೆ ನನ್ನ ಉತ್ತರ ಆ ಕಪಾಟು.

ಇದರ ನಡುವೆ ಇನ್ನೊಂದು ಕೈ ನೋಡಿದೆ. ಸೀಲ್ ಆಫ್ ಬೈಲಿಟರಸಿ ಅಂತ ಇದೆ, ಇಂಗ್ಲಿಷ್ ಜೊತೆ ಇನ್ನೊಂದು ಭಾಷೆಯೂ ಚೆನ್ನಾಗಿ ಬರುವ ಹೈಸ್ಕೂಲ್ ವಿದ್ಯಾರ್ಥಿಗಳಿಗೆ ಕೊಡುವ ಮನ್ನಣೆ, ಕ್ಯಾಲಿಫೋರ್ನಿಯಾ 2011ರಲ್ಲಿ ಶುರುಮಾಡಿದ್ದು, ಈಗ ನ್ಯೂಜೆರ್ಸಿಯಲ್ಲೂ ಉಂಟು. ಅದಕ್ಕೆ ನಡೆಯುವ, ಅವಾಂಟ್ ಸಂಸ್ಥೆಯ ಸ್ಟ್ಯಾಂಪ್ ಪರೀಕ್ಷೆಯಲ್ಲಿ ಕನ್ನಡವೂ ಇದೆ. ಬರೆಯುವುದು ಸಲೀಸು. ಆದರೆ ಮಾತಾಡುವ ಭಾಗದಲ್ಲಿ ಮೈಕಿಗೆ ಒಬ್ಬನೇ ಮಾತಾಡಬೇಕು, ಅದಕ್ಕೆ ಅಮ್ಮನನ್ನು ಎದುರು ಕೂರಿಸಿಕೊಂಡು ವಾರವಿಡೀ ಅಭ್ಯಾಸ ಮಾಡಿದೆ. ಪಾಸಾದೆ. ಆನರ್ ಸೊಸೈಟಿಗೆ ಇದು ನೇರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಭಾನುವಾರದ ಕನ್ನಡ ತರಗತಿಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವುದಕ್ಕೆ ಕೂಟದವರು ಕರೆದದ್ದು ಅದನ್ನು ನೋಡಿಯೇ. ಕರೆದವರು ಅದೇ ಅಂಕಲ್.

ಕಾಗದಪತ್ರದ ವಿಷಯ. ಕೆಲಸ ಮುಗಿದ ದಿನವೇ ತಾರೀಖು, ಗಂಟೆ, ಮೇಲ್ವಿಚಾರಕರ ಸಹಿ ಹಾಕಿಸಿಕೊಳ್ಳಿ. ಆರು ತಿಂಗಳ ಮೇಲೆ ಹೋದರೆ ಅಲ್ಲಿ ಬೇರೆಯವರೇ ಇರುತ್ತಾರೆ, ಪಾರ್ಕಿನ ಹತ್ತು ಗಂಟೆ ನನಗೆ ಹಾಗೇ ಕೈತಪ್ಪಿತು. ಅಪ್ಪ ಅಮ್ಮ ಸಹಿ ಹಾಕಿದ ಗಂಟೆ ನಮ್ಮ ಶಾಲೆಯಲ್ಲಿ ನಡೆಯುವುದಿಲ್ಲ. ಶಿಫಾರಸು ಪತ್ರವನ್ನು ನಾನು ಕೇಳಿದ್ದು ಎ ಕೊಟ್ಟ ಟೀಚರ್‌ರನ್ನಲ್ಲ, ಕೆಮಿಸ್ಟ್ರಿಯಲ್ಲಿ ಮೊದಲು ಸಿ ಕೊಟ್ಟು ಆಮೇಲೆ ನನ್ನ ಏಳಿಗೆ ಕಂಡವರನ್ನು. ಕೇಳುವಾಗ ಅವರ ಕೈಗೆ ಏನು ಕೊಟ್ಟೆ ಅನ್ನುವುದು ನನ್ನಲ್ಲೇ ಇರಲಿ.

ಒಟ್ಟು ಖರ್ಚು 300 ಡಾಲರ್ ಒಳಗೇ. ಏಜೆನ್ಸಿ, ಕೊರಿಯರ್, ಸ್ಟಿಕ್ಕರ್, ಪರೀಕ್ಷೆಯ ಶುಲ್ಕ, ಸದಸ್ಯತ್ವದ 20 ಡಾಲರ್. ಪೆಟ್ರೋಲ್ ಲೆಕ್ಕ ಅಪ್ಪನದು. ಕಾಲೇಜ್ ಕನ್ಸಲ್ಟೆಂಟ್ ಒಬ್ಬರು ‘ಪ್ರೊಫೈಲ್ ಬಿಲ್ಡಿಂಗ್’ಗೆ ಎರಡು ಸಾವಿರ ಡಾಲರ್ ಕೇಳಿದ್ದರು, ಕೊಡದೇ ಇದ್ದದ್ದು ಒಳ್ಳೆಯದಾಯಿತು. ಇಮೇಲ್‌ನಲ್ಲಿ ‘ನೀವು ಆಯ್ಕೆಯಾಗಿದ್ದೀರಿ, 80 ಡಾಲರ್ ಕಟ್ಟಿ’ ಅಂತ ಬರುವ ಬೇರೆ ಬೇರೆ ಸೊಸೈಟಿಗಳಿಗೂ ಒಂದು ಪೈಸೆ ಕೊಡಬೇಡಿ. ಎನ್‌ಎಚ್‌ಎಸ್ ಸದಸ್ಯತ್ವ ನಿಮ್ಮ ಶಾಲೆಯ ಘಟಕದಿಂದಲೇ ಬರಬೇಕು.

ಈ ಸೆಪ್ಟೆಂಬರ್‌ನಲ್ಲಿ ಬಂದು ಸೇರುವವರು ಒಂದು ಸೆಮಿಸ್ಟರ್ ಆ ಶಾಲೆಯಲ್ಲಿ ಓದಿರಲೇಬೇಕು, ಆಮೇಲೇ ಅರ್ಹತೆ. ಆ ನಾಲ್ಕೈದು ತಿಂಗಳು ಸುಮ್ಮನೆ ಕೂರಬೇಡಿ. ಊರು ಬಿಡುವ ಮುಂಚೆಯೇ ಹಳೆಯ ಶಾಲೆಯಿಂದ ಮೊಹರು ಹಾಕಿದ ಅಂಕಪಟ್ಟಿಯ ಲಕೋಟೆ ಎರಡು ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ. ಲಕೋಟೆಯನ್ನು ಮಾತ್ರ ನೀವು ಒಡೆಯಬೇಡಿ.