ಬೊಂಬೆ ನಾಯಿಗೆ ಉಸಿರು ಬರುವ ಹತ್ತು ಸೆಕೆಂಡು

‘ಫ್ರಾಂಕೆನ್‌ವೀನಿ’ ಚಿತ್ರ ಶುರುವಾಗುವುದೇ ಮನೆಯೊಳಗಿನ ಒಂದು ಸಿನಿಮಾ ಪ್ರದರ್ಶನದಿಂದ. ವಿಕ್ಟರ್ ಎಂಬ ಹುಡುಗ ಪ್ರೊಜೆಕ್ಟರ್ ಹಚ್ಚಿ ಅಪ್ಪ ಅಮ್ಮನಿಗೆ ತಾನೇ ತೆಗೆದ ಚಿತ್ರ ತೋರಿಸುತ್ತಾನೆ. ಆಟಿಕೆಗಳ ಊರು, ಅದರ ಮೇಲೆರಗುವ ರಾಕ್ಷಸ ಪ್ರಾಣಿ, ಊರನ್ನು ಕಾಯಲು ವೇಷ ತೊಟ್ಟು ಬರುವ ಅವನ ನಾಯಿ ಸ್ಪಾರ್ಕಿ. ಹುಡುಗನ ಕೈಗೆ ಸಿಕ್ಕಿದ ಸಾಮಾನುಗಳಲ್ಲೇ ಇಡೀ ಸಿನಿಮಾ ತಯಾರಾಗಿರುತ್ತದೆ. ಬೊಂಬೆಯನ್ನು ಚೂರುಚೂರೇ ಸರಿಸಿ ಒಂದೊಂದೇ ಫೋಟೊ ತೆಗೆದು ಚಲನೆ ಹುಟ್ಟಿಸುವ ಸ್ಟಾಪ್ ಮೋಷನ್ ಕಲಿಯಬೇಕೆನ್ನುವ ಮಕ್ಕಳಿಗೆ ನಾನು ಮೊದಲು ತೋರಿಸುವುದು ಈ ದೃಶ್ಯವನ್ನು.

ಮುಂದಿನ ಕಥೆ ಬಹಳ ಜನರಿಗೆ ಗೊತ್ತು. ಚೆಂಡಿನ ಹಿಂದೆ ಓಡಿದ ಸ್ಪಾರ್ಕಿ ಕಾರಿಗೆ ಸಿಕ್ಕಿ ಸಾಯುತ್ತದೆ. ಹುಡುಗ ಅದನ್ನು ಮಣ್ಣಿನಿಂದ ಎತ್ತಿ ತಂದು, ಹೊಲಿಗೆ ಹಾಕಿ, ಅಟ್ಟದ ಮೇಲೆ ಸಿಡಿಲಿಗೆ ಒಡ್ಡಿ ಬದುಕಿಸುತ್ತಾನೆ. ನಿರ್ದೇಶಕ ಟಿಮ್ ಬರ್ಟನ್ ಇದೇ ಕಥೆಯನ್ನು 1984ರಲ್ಲಿ ನಟರನ್ನಿಟ್ಟುಕೊಂಡು ಅರ್ಧ ಗಂಟೆಯ ಕಿರುಚಿತ್ರವಾಗಿ ತೆಗೆದಿದ್ದರು. 2012ರಲ್ಲಿ ಅದು ಬೊಂಬೆಗಳ ಪೂರ್ಣ ಪ್ರಮಾಣದ ಚಿತ್ರವಾಗಿ ಬಂತು. 87 ನಿಮಿಷ, ಪೂರ್ತಿ ಕಪ್ಪು ಬಿಳುಪು.

ನಮ್ಮ ಮನೆಯ ನಾಯಿ ಕರಿಯ ತೀರಿಕೊಂಡ ವರ್ಷವೇ ನನ್ನ ಮಗಳು ಈ ಚಿತ್ರ ನೋಡಿದಳು. ಎರಡು ದಿನ ಅದರ ಮಾತೇ ಎತ್ತಲಿಲ್ಲ. ಮೂರನೆಯ ದಿನ ಬಂದು ತಂತಿ ಬೇಕು ಎಂದು ಕೇಳಿದಳು. ಆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಕೂತು ಹತ್ತು ಸೆಕೆಂಡಿನ ಒಂದು ದೃಶ್ಯ ಮಾಡಿದೆವು. ಮೇಜಿನ ಮೇಲೆ ಮಲಗಿದ ನಾಯಿ, ಒಂದು ಮಿಂಚು, ಆಮೇಲೆ ನಾಯಿಯ ಉಸಿರು. ಅದನ್ನು ಮಾಡುವ ಬಗೆಯನ್ನೇ ಇಲ್ಲಿ ಹೇಳುತ್ತೇನೆ.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಕಪ್ಪೆಯ ವಿಷಯ ಹೇಳಬೇಕು. 1780ರ ದಶಕದಲ್ಲಿ ಇಟಲಿಯ ಬೊಲೋನ್ಯಾದಲ್ಲಿ ವಿಜ್ಞಾನಿ ಲೂಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲಿಗೆ ವಿದ್ಯುತ್ ತಾಗಿಸಿ ಅದು ಒದೆಯುವುದನ್ನು ಕಂಡ. ಅವನ ಸೋದರಳಿಯ ಜೊವಾನ್ನಿ ಆಲ್ದೀನಿ 1803ರಲ್ಲಿ ಲಂಡನ್ನಿನಲ್ಲಿ ನೇಣಿಗೇರಿದ ಕೈದಿಯ ಶವದ ಮೇಲೆ ಅದೇ ಪ್ರಯೋಗ ಮಾಡಿದ. ಇಂಥ ಪ್ರಯೋಗಗಳ ಸುದ್ದಿ ತುಂಬಿದ್ದ ಕಾಲದಲ್ಲಿ, 1818ರಲ್ಲಿ, ನಿರ್ಜೀವ ದೇಹಕ್ಕೆ ಜೀವ ತುಂಬುವವನ ಕಥೆಯುಳ್ಳ ಮೇರಿ ಶೆಲ್ಲಿಯ ಕಾದಂಬರಿ ‘ಫ್ರಾಂಕೆನ್‌ಸ್ಟೈನ್’ ಪ್ರಕಟವಾಯಿತು. ಚಿತ್ರದ ವಿಜ್ಞಾನ ಮೇಷ್ಟ್ರು ತರಗತಿಯಲ್ಲಿ ಸತ್ತ ಕಪ್ಪೆಗೆ ವಿದ್ಯುತ್ ಹರಿಸಿ ತೋರಿಸುವುದು ಈ ಹಳೆಯ ಪ್ರಯೋಗವನ್ನೇ. ಕಪ್ಪೆಯ ಕಾಲು ಒದೆಯುತ್ತದೆ ನಿಜ, ಆದರೆ ಅದು ಬರೀ ಸೆಳೆತ. ನಿಜವಾಗಿ ಜೀವ ಬಂದದ್ದು ಸ್ಪಾರ್ಕಿಗೆ. ನಮ್ಮ ಮೊದಲ ಪ್ರಯತ್ನದಲ್ಲಿ ಮಿಂಚು ಹೊಡೆದ ತಕ್ಷಣ ನಾಯಿ ಎಗರಿ ಎದ್ದು ನಿಂತಿತು. ನೋಡಿದ ಮಗಳು, ‘ಇದು ಕಪ್ಪೆ, ಕರಿಯ ಅಲ್ಲ’ ಎಂದಳು. ಅವಳ ಮಾತು ಸರಿಯಾಗಿತ್ತು. ಆಮೇಲೆ ನಾವು ಕಲಿತದ್ದೆಲ್ಲ ಸೆಳೆತಕ್ಕೂ ಉಸಿರಿಗೂ ಇರುವ ಅಂತರವನ್ನೇ.

ಮೊದಲು ಲೆಕ್ಕ

ಸಿನಿಮಾ ತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. 87 ನಿಮಿಷಕ್ಕೆ ಲೆಕ್ಕ ಹಾಕಿದರೆ ಒಂದು ಲಕ್ಷ ಇಪ್ಪತ್ತೈದು ಸಾವಿರ ದಾಟುತ್ತದೆ. ಲಂಡನ್ನಿನ ತ್ರೀ ಮಿಲ್ಸ್ ಸ್ಟುಡಿಯೊದಲ್ಲಿ ಈ ಚಿತ್ರಕ್ಕಾಗಿ ದುಡಿದ ಅನಿಮೇಟರ್‌ಗಳು ತಲಾ ವಾರಕ್ಕೆ ಸರಾಸರಿ ಐದು ಸೆಕೆಂಡಿನಷ್ಟು ದೃಶ್ಯ ಮುಗಿಸುತ್ತಿದ್ದರು. ಮನೆಯಲ್ಲಿ ಸೆಕೆಂಡಿಗೆ 12 ಚಿತ್ರ ಸಾಕು, ಕಣ್ಣು ಅದನ್ನು ಚಲನೆಯೆಂದೇ ಒಪ್ಪಿಕೊಳ್ಳುತ್ತದೆ. ಹತ್ತು ಸೆಕೆಂಡಿಗೆ 120 ಚಿತ್ರ. ಅವರ ಐದು ಸೆಕೆಂಡಿಗೂ ಅಷ್ಟೇ, 120. ಆ ಅನಿಮೇಟರ್‌ಗಳ ಒಂದು ವಾರದ ಕೆಲಸದಷ್ಟು ಚಿತ್ರಗಳು ನಿಮ್ಮ ಪಾಲಿಗೂ ಇವೆ ಎಂದುಕೊಂಡು ತಾಳ್ಮೆಯಿಂದ ಕೂತುಕೊಳ್ಳಿ.

ಒಂದು ಹಾಳೆಯಲ್ಲಿ ಆರು ಚೌಕ ಬರೆದು ದೃಶ್ಯವನ್ನು ಗೀಚಿಕೊಳ್ಳಿ. ಚಿತ್ರ ಚೆಂದವಾಗಬೇಕಿಲ್ಲ. ಪ್ರತಿ ಚೌಕದ ಕೆಳಗೆ ಅದಕ್ಕೆ ಎಷ್ಟು ಫೋಟೊ ಎಂಬ ಅಂಕಿ ಇದ್ದರೆ ಸಾಕು.

ಬೊಂಬೆಯ ಎಲುಬು

ಚಿತ್ರದ ಬೊಂಬೆಗಳನ್ನು ತಯಾರಿಸಿದ್ದು ಮ್ಯಾಂಚೆಸ್ಟರ್ ಬಳಿಯ ಮಕಿನನ್ ಆ್ಯಂಡ್ ಸಾಂಡರ್ಸ್ ಎಂಬ ಕಾರ್ಯಾಗಾರ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ನಾಯಿಯೊಳಗೆ ಲೋಹದ ಕೀಲುಗಳ ಅಸ್ಥಿಪಂಜರವನ್ನೇ ಕೂರಿಸಿದ್ದರು. ನಮಗೆ ಕೀಲುಗಳು ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಂತಿಯೇ ಸಾಕು. ಕಬ್ಬಿಣದ ತಂತಿ ಬೇಡ, ಬಗ್ಗಿಸಿದಲ್ಲಿ ನಿಲ್ಲದೆ ಹಿಂದಕ್ಕೆ ಚಿಮ್ಮುತ್ತದೆ. ತಂತಿಯನ್ನು ಜೋಡಿಸಿ ಹುರಿ ಹೊಸೆಯಿರಿ. ತಲೆಯಿಂದ ಬಾಲದವರೆಗೆ ಒಂದು ಹುರಿ, ಮುಂಗಾಲಿಗೊಂದು, ಹಿಂಗಾಲಿಗೊಂದು. ಅವು ಕೂಡುವ ಎದೆ ಮತ್ತು ಸೊಂಟದ ಜಾಗಕ್ಕೆ ಎಂ-ಸೀಲ್ ಮೆತ್ತಿ ಒಂದು ರಾತ್ರಿ ಒಣಗಲು ಬಿಡಿ. ನಾಯಿಯ ಮೂಳೆ ಎಲ್ಲಿ ಬಗ್ಗುವುದಿಲ್ಲವೋ ಅಲ್ಲಿ ಎಂ-ಸೀಲ್, ಎಲ್ಲಿ ಬಗ್ಗುತ್ತದೋ ಅಲ್ಲಿ ಬರೀ ತಂತಿ.

ಮೈಗೆ ಹಳೆಯ ಹಾಸಿಗೆಯ ಸ್ಪಂಜು ಕತ್ತರಿಸಿ ಸುತ್ತಿ, ಮೇಲೆ ಹಳೆಯ ಬನಿಯನ್ ಬಟ್ಟೆ ಹೊದಿಸಿ ಹೊಲಿಯಿರಿ. ಹೊಲಿಗೆ ಕಾಣಬಾರದು ಎಂದು ಒದ್ದಾಡಬೇಡಿ. ಎದ್ದು ಬಂದ ಸ್ಪಾರ್ಕಿಯ ಮೈತುಂಬ ಹೊಲಿಗೆಗಳೇ. ಖುಷಿಯಲ್ಲಿ ಜೋರಾಗಿ ಅಲ್ಲಾಡಿಸಿದರೆ ಬಾಲವೇ ಕಳಚಿ ಬೀಳುತ್ತದೆ, ಹುಡುಗ ಮತ್ತೆ ಹೊಲಿಯುತ್ತಾನೆ. ದಪ್ಪ ಕಪ್ಪು ದಾರದಲ್ಲಿ ದೊಡ್ಡ ದೊಡ್ಡ ಟಾಕು ಹಾಕಿ. ಮಕ್ಕಳ ಕೈಯ ಹೊಲಿಗೆ ಈ ಕಥೆಗೆ ಹೇಳಿ ಮಾಡಿಸಿದಂತಿರುತ್ತದೆ. ಕಣ್ಣಿಗೆ ಎರಡು ಬಿಳಿ ಮಣಿ. ಮಣಿಯ ತೂತು ಮುಂದಕ್ಕೆ ಬರುವಂತೆ ಕೂರಿಸಿದರೆ ಅದೇ ಪಾಪೆಯಾಗುತ್ತದೆ, ಗುಂಡುಸೂಜಿಯ ತುದಿಯಿಂದ ದೃಷ್ಟಿಯನ್ನು ಅತ್ತಿತ್ತ ತಿರುಗಿಸಬಹುದು. ರೆಪ್ಪೆಗಳನ್ನು ಒಣಗದ ಎಣ್ಣೆ ಜೇಡಿಯಲ್ಲಿ ಮೂರು ಜೊತೆ ಮಾಡಿ: ಮುಚ್ಚಿದ್ದು, ಅರೆ ತೆರೆದದ್ದು, ಕೂದಲೆಳೆಯಷ್ಟು ತೆರೆದದ್ದು.

ಹೊಟ್ಟೆಯ ಜಾಗದಲ್ಲಿ ಮಾತ್ರ ಬಟ್ಟೆಗೂ ಸ್ಪಂಜಿಗೂ ನಡುವೆ ಒಂದು ಸಣ್ಣ ಕಿಸೆ ಬಿಡಿ, ಅದರ ಬಾಯಿ ಕ್ಯಾಮೆರಾಗೆ ಕಾಣದ ಕಡೆಗಿರಲಿ. ಇದರ ಕೆಲಸ ಮುಂದೆ ಬರುತ್ತದೆ.

ಕತ್ತಲೆಯನ್ನು ಕಟ್ಟುವುದು

ಈ ಬಗೆಯ ಚಿತ್ರದ ಅರ್ಧ ಕಥೆಯನ್ನು ನೆರಳೇ ಹೇಳುತ್ತದೆ. ಒಂದೇ ದೀಪ ಇಡಿ, ಅದನ್ನೂ ಎದುರಿನಿಂದ ಇಡಬೇಡಿ. ನಾಯಿಯ ಹಿಂದೆ, ಒಂದು ಬದಿಗೆ, ಮೇಜಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ. ಆಗ ಬೆನ್ನಿನ ಅಂಚಿಗೆ ಬೆಳಕಿನ ಗೆರೆ ಬರುತ್ತದೆ, ನೆರಳು ಉದ್ದವಾಗಿ ಕ್ಯಾಮೆರಾದ ಕಡೆಗೆ ಚಾಚುತ್ತದೆ. ರಟ್ಟಿನಲ್ಲಿ ಕಿಟಕಿಯ ಚೌಕಟ್ಟು ಕತ್ತರಿಸಿ ದೀಪದ ಮುಂದೆ ನಿಲ್ಲಿಸಿದರೆ ಗೋಡೆಯನ್ನೇ ಕಟ್ಟದೆ ಒಂದು ಅಟ್ಟ ಸಿದ್ಧವಾಗುತ್ತದೆ. ಮುಖದ ಭಾಗ ತೀರಾ ಕಪ್ಪಾದರೆ ಎದುರುಗಡೆ ಒಂದು ಬಿಳಿ ಹಾಳೆ ನಿಲ್ಲಿಸಿ, ಅದರಿಂದ ಮರಳುವ ಬೆಳಕು ಸಾಕು.

ಕಪ್ಪು ಬಿಳುಪಿನಲ್ಲಿ ಬಣ್ಣಗಳು ಮೋಸ ಮಾಡುತ್ತವೆ. ಹಸಿರು ಬಟ್ಟೆಯ ಮೇಲೆ ಕೆಂಪು ಚೆಂಡು ಕಣ್ಣಿಗೆ ಹೊಡೆಯುತ್ತದೆ. ಬಣ್ಣ ತೆಗೆದರೆ ಎರಡೂ ಹೆಚ್ಚುಕಡಿಮೆ ಒಂದೇ ಬೂದು, ಚೆಂಡು ಮಾಯ. ಹಾಗಾಗಿ ಪ್ರತಿ ಸಾಮಾನನ್ನೂ ಮೊಬೈಲಿನ ಕಪ್ಪು ಬಿಳುಪು ಫಿಲ್ಟರಿನಲ್ಲಿ ನೋಡಿಯೇ ಮೇಜಿಗಿಡಿ. ನಾಯಿ ತಿಳಿಬಣ್ಣ, ಹಿನ್ನೆಲೆ ಗಾಢ, ಹೊಲಿಗೆ ಕಪ್ಪು. ಚಿತ್ರೀಕರಣ ಮಾತ್ರ ಬಣ್ಣದಲ್ಲೇ ಇರಲಿ. ಬಣ್ಣವನ್ನು ಕೊನೆಯಲ್ಲಿ ತೆಗೆದರೆ ಯಾವ ಬೂದು ಎಷ್ಟು ಗಾಢ ಎಂಬುದು ನಿಮ್ಮ ಕೈಯಲ್ಲಿರುತ್ತದೆ.

ಎಲ್‌ಇಡಿ ಬಲ್ಬುಗಳಲ್ಲಿ ಕೆಲವು ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತವೆ, ಫೋಟೊದಿಂದ ಫೋಟೊಗೆ ಬೆಳಕು ಹೆಚ್ಚು ಕಡಿಮೆಯಾಗಿ ಇಡೀ ದೃಶ್ಯ ಅದುರುತ್ತದೆ. ಹಳೆಯ ತಂತಿ ಬಲ್ಬು ಮನೆಯಲ್ಲಿದ್ದರೆ ಅದನ್ನೇ ಬಳಸಿ. ಕಿಟಕಿಗಳಿಗೆ ದಪ್ಪ ಹೊದಿಕೆ ಹಾಕಿ, ಇಲ್ಲವೇ ರಾತ್ರಿ ಕೆಲಸ ಮಾಡಿ, ಏಕೆಂದರೆ ಒಂದು ಮೋಡ ಸರಿದರೂ ಚಿತ್ರದಲ್ಲಿ ಗೊತ್ತಾಗುತ್ತದೆ. ಬಿಳಿ ಅಂಗಿ ತೊಟ್ಟವರು ಪಕ್ಕದಲ್ಲಿ ನಿಂತರೂ ಅದರ ಬೆಳಕು ಬೊಂಬೆಯ ಮೇಲೆ ಬೀಳುತ್ತದೆ, ಕಪ್ಪು ಬಟ್ಟೆ ಹಾಕಿಕೊಳ್ಳಿ. ಕರೆಂಟ್ ಹೋಗಿ ಯುಪಿಎಸ್‌ಗೆ ಬದಲಾದರೆ ಅಲ್ಲೇ ನಿಲ್ಲಿಸಿ, ಬರುವವರೆಗೆ ಕಾಯಿರಿ.

ಮೊಬೈಲ್

ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿದು, ಸ್ಟ್ಯಾಂಡಿನ ಕಾಲುಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ. ‘ಸ್ಟಾಪ್ ಮೋಷನ್ ಸ್ಟುಡಿಯೊ’ದಂತಹ ಆ್ಯಪ್ ಇದ್ದರೆ ಹಿಂದಿನ ಫೋಟೊ ತೆಳುವಾಗಿ ಕಾಣುತ್ತಿರುತ್ತದೆ, ಬೊಂಬೆ ಎಷ್ಟು ಸರಿಯಿತೆಂದು ತಿಳಿಯುತ್ತದೆ. ಫೋಕಸ್, ಬೆಳಕಿನ ಮಟ್ಟ, ಬಣ್ಣದ ಸಮತೋಲ ಮೂರನ್ನೂ ಲಾಕ್ ಮಾಡಿ. ತೆರೆಯನ್ನು ಬೆರಳಿನಿಂದ ಒತ್ತಿದರೆ ಮೊಬೈಲ್ ಕದಲುತ್ತದೆ. ಇಯರ್‌ಫೋನಿನ ವಾಲ್ಯೂಮ್ ಗುಂಡಿಯಿಂದ ಕ್ಲಿಕ್ಕಿಸಲು ಬರುತ್ತದೆಯೇ ನೋಡಿ.

ಸತ್ತದ್ದು, ಉಸಿರಾಡುವುದು

ಈಗ ನಿಜವಾದ ಕೆಲಸ. ನಾಯಿಯನ್ನು ಪಕ್ಕಕ್ಕೆ ಮಲಗಿಸಿ ಕಾಲುಗಳನ್ನು ಗುಂಡುಸೂಜಿಯಿಂದ ಥರ್ಮಾಕೋಲ್ ಮೇಜಿಗೆ ಚುಚ್ಚಿ ನಿಲ್ಲಿಸಿ.

ಮೊದಲ ಒಂದು ಸೆಕೆಂಡು ನಾಯಿ ಸತ್ತಿದೆ. ಇದಕ್ಕೆ ಹನ್ನೆರಡು ಫೋಟೊ ತೆಗೆಯಬೇಡಿ. ಒಂದೇ ಫೋಟೊ ತೆಗೆದು ಅದನ್ನೇ ಹನ್ನೆರಡು ಸಲ ಬಳಸಿ. ಬೇರೆ ಬೇರೆ ಫೋಟೊಗಳಲ್ಲಿ ಬಟ್ಟೆಯ ನೂಲು, ಬೆಳಕಿನ ಕಣ ಎಷ್ಟೇ ಸಣ್ಣದಾಗಿ ಬದಲಾದರೂ ಅಲ್ಲೊಂದು ಜೀವದ ಅಲುಗಾಟ ಹುಟ್ಟಿಬಿಡುತ್ತದೆ. ಒಂದೇ ಫೋಟೊ ನಿಂತರೆ ಮಾತ್ರ ಸಾವಿನ ನಿಶ್ಚಲತೆ ಬರುತ್ತದೆ. ಇಡೀ ಕೆಲಸದಲ್ಲಿ ನಾನು ಕಲಿತ ದೊಡ್ಡ ಗುಟ್ಟು ಇದು.

ನಂತರದ ಆರು ಫೋಟೊ ಮಿಂಚು. ಒಬ್ಬರು ಟಾರ್ಚನ್ನು ನೇರ ನಾಯಿಯ ಮೇಲೆ ಹಿಡಿದು ಎರಡು ಫೋಟೊ, ಆರಿಸಿ ಒಂದು, ಮತ್ತೆ ಹಚ್ಚಿ ಒಂದು, ಆರಿಸಿ ಎರಡು. ಸಮ ಅಂತರದಲ್ಲಿ ಹಚ್ಚಿ ಆರಿಸಿದರೆ ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಕಾಣುತ್ತದೆ. ಟಾರ್ಚಿನ ಹೊರತು ಬೇರಾವ ವಿದ್ಯುತ್ ತಂತಿಯನ್ನೂ ಮಕ್ಕಳು ಮುಟ್ಟಬಾರದು.

ಆಮೇಲೆ ಪೂರ್ತಿ ಎರಡು ಸೆಕೆಂಡು ಏನೂ ಆಗಬಾರದು. ಮತ್ತೆ ಒಂದೇ ಫೋಟೊ, 24 ಸಲ. ಮಕ್ಕಳು ಇದಕ್ಕೆ ಒಪ್ಪುವುದಿಲ್ಲ, ಬೇಗ ಎಬ್ಬಿಸೋಣ ಎನ್ನುತ್ತಾರೆ. ಚಿತ್ರದಲ್ಲಿಯೂ ಹುಡುಗ ತಾನು ಸೋತೆ ಎಂದುಕೊಂಡು ನಾಯಿಯನ್ನು ತಬ್ಬಿದ ಮೇಲೆಯೇ ಅದು ಅಲುಗುವುದು. ನೋಡುವವರ ಆಸೆ ಒಮ್ಮೆ ಬತ್ತಬೇಕು.

ಈಗ ಕಿಸೆಗೆ ಬನ್ನಿ. ಲಗ್ನಪತ್ರಿಕೆಯ ದಪ್ಪದ ಕಾಗದವನ್ನು ಉಗುರಿನಷ್ಟು ಚೂರುಗಳಾಗಿ ಕತ್ತರಿಸಿಟ್ಟುಕೊಳ್ಳಿ. ಫೋಟೊಗೊಂದರಂತೆ ಒಂಬತ್ತು ಚೂರನ್ನು ಕಿಸೆಯೊಳಗೆ ಒಂದರ ಮೇಲೊಂದು ಸೇರಿಸಿ, ಹೊಟ್ಟೆ ಏರುತ್ತದೆ. ಮೂರು ಫೋಟೊ ಹಾಗೇ ನಿಲ್ಲಲಿ. ಆಮೇಲೆ ಹನ್ನೆರಡು ಫೋಟೊಗಳಲ್ಲಿ ನಿಧಾನವಾಗಿ ಹೊರಕ್ಕೆ ತೆಗೆಯಿರಿ. ಒಳಗೆಳೆಯುವ ಉಸಿರಿಗಿಂತ ಬಿಡುವ ಉಸಿರು ಉದ್ದ. ಮಲಗಿದ ನಾಯಿಯ ಪಕ್ಕ ಎಂದಾದರೂ ಕೂತವರಿಗೆ ಇದು ಗೊತ್ತಿರುತ್ತದೆ. ಎರಡನೆಯ ಉಸಿರು 18 ಫೋಟೊಗಳಲ್ಲಿ, ಸ್ವಲ್ಪ ಚುರುಕಾಗಿ. ಅದರ ಕೊನೆಗೆ ಬಾಲದ ತುದಿ ಮಾತ್ರ ಒಮ್ಮೆ ಏರಿ ಇಳಿಯಲಿ.

ಮುಂದಿನ ಹನ್ನೆರಡರಲ್ಲಿ ಕಿವಿ, ಆಮೇಲೆ ರೆಪ್ಪೆ. ಮುಚ್ಚಿದ ರೆಪ್ಪೆ ತೆಗೆದು ಕೂದಲೆಳೆಯದ್ದು ಇಡಿ, ಎರಡು ಫೋಟೊ. ಮತ್ತೆ ಮುಚ್ಚಿದ್ದು, ಎರಡು. ಬಳಿಕ ಅರೆ ತೆರೆದದ್ದು, ಕೊನೆಗೆ ರೆಪ್ಪೆಯೇ ಇಲ್ಲದ ಕಣ್ಣು. ಒಮ್ಮೆ ತೆರೆದು ಮುಚ್ಚುವ ಆ ಹಿಂಜರಿಕೆಯನ್ನು ಬಿಡಬೇಡಿ.

ಉಳಿದ 24 ಫೋಟೊ ತಲೆ ಎತ್ತುವುದಕ್ಕೆ. ಮೊದಲು ತಲೆ ಅರ್ಧ ಮಿಲಿಮೀಟರ್ ಕೆಳಕ್ಕೆ ಒತ್ತಲಿ, ಭಾರ ಎತ್ತುವವರು ಮೊದಲು ಕುಸಿಯುವಂತೆ. ನಂತರ ಅರ್ಧ, ಒಂದು, ಎರಡು, ನಾಲ್ಕು ಮಿಲಿಮೀಟರ್ ಎಂದು ಹೆಚ್ಚುತ್ತಾ ಹೋಗಿ, ಅದೇ ಲೆಕ್ಕದಲ್ಲಿ ಕಡಿಮೆಯಾಗುತ್ತಾ ಬರಲಿ. ನಿಲ್ಲಬೇಕಾದ ಜಾಗಕ್ಕಿಂತ ಒಂದು ಮಿಲಿಮೀಟರ್ ಮೇಲೆ ಹೋಗಿ ಮತ್ತೆ ಇಳಿಯಲಿ. ಹೊಟ್ಟೆಯ ಕಾಗದವನ್ನು ಮರೆಯಬೇಡಿ: ತಲೆ ಏಳುತ್ತಿರುವಾಗಲೂ ಉಸಿರು ನಡೆಯುತ್ತಿರಬೇಕು. ಕೊನೆಯ ಫೋಟೊಗಳಲ್ಲಿ ಸೂಜಿಯಿಂದ ಪಾಪೆಯನ್ನು ಕ್ಯಾಮೆರಾದ ಕಡೆಗೆ ತಿರುಗಿಸಿ.

ಸದ್ದು

ಹಳೆಯ ಎಕ್ಸ್‌ರೇ ಹಾಳೆಯನ್ನು ಒಂದು ಅಂಚಿನಲ್ಲಿ ಹಿಡಿದು ಅಲ್ಲಾಡಿಸಿದರೆ ಗುಡುಗು. ಮೊರದಲ್ಲಿ ಅಕ್ಕಿ ಹರಡಿ ನಿಧಾನವಾಗಿ ಓಲಾಡಿಸಿದರೆ ಹೆಂಚಿನ ಮೇಲೆ ಬೀಳುವ ಮಳೆ. ಗುಡುಗು ಮಿಂಚಿನ ನಂತರ ಬರಲಿ, ಜೊತೆಗಲ್ಲ. ನಿಶ್ಶಬ್ದದ ಆ ಎರಡು ಸೆಕೆಂಡಿನಲ್ಲಿ ಮಳೆಯನ್ನೂ ನಿಲ್ಲಿಸಿ. ನಾಯಿಯ ಉಸಿರಿಗೆ ಮಗಳು ತನ್ನದೇ ಉಸಿರನ್ನು ಮೊಬೈಲಿಗೆ ಹತ್ತಿರ ಹಿಡಿದು ದಾಖಲಿಸಿದಳು. ಬೇರೆ ಯಾವ ಸದ್ದೂ ಅಷ್ಟು ಚೆನ್ನಾಗಿ ಕೂರಲಿಲ್ಲ.

ಎಲ್ಲವನ್ನೂ ಸೆಕೆಂಡಿಗೆ 12ರ ವೇಗದಲ್ಲಿ ಜೋಡಿಸಿ, ಬಣ್ಣ ತೆಗೆದು, ಕೋಣೆಯ ದೀಪ ಆರಿಸಿ ನೋಡಿ. ಆಮೇಲೂ ಬೊಂಬೆಯನ್ನು ಬಿಚ್ಚಬೇಡಿ, ಯಾವುದೋ ಒಂದು ಫೋಟೊದಲ್ಲಿ ನಿಮ್ಮ ಬೆರಳು ಸಿಕ್ಕಿಕೊಂಡಿರುವುದು ಮರುದಿನವೇ ಕಾಣುವುದು. ತಂತಿ ಒಂದೇ ಕಡೆ ಹೆಚ್ಚು ಸಲ ಬಗ್ಗಿದರೆ ಮುರಿಯುತ್ತದೆ. ಕಾಲುಗಳನ್ನು ನೇರ ಮಾಡಿ ಚಪ್ಪಲಿ ಡಬ್ಬಿಯಲ್ಲಿ ಮಲಗಿಸಿಡಿ. ನಮ್ಮದರ ಬಾಲ ಬುಡದಲ್ಲಿ ಸಡಿಲವಾಗಿದೆ. ದಸರಾ ರಜೆಗೆ ಮೊದಲು ಹೊಸ ತಂತಿ ಹಾಕಿ ಮತ್ತೆ ಹೊಲಿಯಬೇಕು, ಈ ಸಲ ಅದು ಮೇಜಿನಿಂದ ಕೆಳಗಿಳಿದು ನಡೆಯಬೇಕಂತೆ.