ಙ ಬಂದರೆ ಏನು ಹೆಸರಿಡುವುದು: ನನ್ನ ಅನುಭವ

ಒಂದೊಂದು ನಕ್ಷತ್ರಕ್ಕೆ ನಾಲ್ಕು ಪಾದ, ಪಾದಕ್ಕೊಂದು ಅಕ್ಷರ, ಮಗು ಹುಟ್ಟಿದ ಪಾದದ ಅಕ್ಷರದಿಂದ ಹೆಸರು ಶುರುವಾಗಬೇಕು ಎಂಬುದು ರೂಢಿ. ಆದರೆ ಆರ್ದ್ರೆಯ ಮೂರನೇ ಪಾದಕ್ಕೆ ಙ, ಹಸ್ತದ ಮೂರಕ್ಕೆ ಣ, ಉತ್ತರಾಭಾದ್ರೆಯ ನಾಲ್ಕಕ್ಕೆ ಞ. ಇವುಗಳಿಂದ ಹೆಸರು ಸಿಗುವುದಿಲ್ಲ. ಹೆಚ್ಚಿನ ಪುರೋಹಿತರು ಙ ಬದಲು ಗ, ಣ ಬದಲು ನ ಎಂದು ಹೊಂದಿಸಿ ಎದ್ದುಬಿಡುತ್ತಾರೆ. ಗ ಧನಿಷ್ಠೆಯ ಮೊದಲ ಪಾದದ್ದು. ಅಲ್ಲಿಗೆ ಆರ್ದ್ರೆಯ, ಅಂದರೆ ಮಿಥುನ ರಾಶಿಯ ಮಗುವಿಗೆ ಮಕರದ ಹೆಸರಾಯಿತು. ನಾನು ಅಕ್ಷರವನ್ನೇ ಬಿಟ್ಟು ನಕ್ಷತ್ರದ ಅಧಿದೇವತೆಯನ್ನು ಹಿಡಿಯುತ್ತೇನೆ. "ಅಕ್ಷರನೇ ಬಿಟ್ರೆ ಹ್ಯಾಂಗೆ ಭಟ್ರೇ?" ಎಂದು ಸಿರ್ಸಿ ಕಡೆಯ ಹಿರಿಯರು ನಕ್ಕಿದ್ದರು. ಈಗ ಅವರೇ ಇಂಥ ಜಾತಕ ಬಂದರೆ ನನ್ನಲ್ಲಿಗೆ ಕಳಿಸುತ್ತಾರೆ.

ಮೊದಲು ಪಾದವೇ ತಪ್ಪುವುದುಂಟು. ಸೂರ್ಯೋದಯದಿಂದ ಘಳಿಗೆ ಎಣಿಸುವ ಪಂಚಾಂಗ ಬೆಂಗಳೂರಿನ ಲೆಕ್ಕದ್ದಾಗಿದ್ದು, ನೀವು ಅದನ್ನು ಕಾರವಾರದ ಸೂರ್ಯೋದಯಕ್ಕೆ ಕೂಡಿಸಿದರೆ ಹತ್ತಿರಹತ್ತಿರ 14 ನಿಮಿಷ ಜಾರಿತು. ಸಿರ್ಸಿಗೆ 11 ಹಿಡಿಯಿರಿ. ಒಂದು ಪಾದ ಸುಮಾರು ಆರು ತಾಸು ಇರುವುದರಿಂದ ನಡುವಿನಲ್ಲಿ ಹುಟ್ಟಿದ ಮಗುವಿಗೆ ತೊಂದರೆಯಿಲ್ಲ, ಸಂಧಿಯಲ್ಲಿ, ಅಂದರೆ ಎರಡು ಪಾದ ಕೂಡುವ ಹೊತ್ತಿನಲ್ಲಿ ಹುಟ್ಟಿದ್ದಕ್ಕೆ ಅಕ್ಷರವೇ ಬೇರೆ. ಸಂಧಿಗೆ ಅರ್ಧ ತಾಸಿನೊಳಗೆ ಇದ್ದರೆ ನಾನು ಎರಡೂ ಪಾದಕ್ಕೆ ಹೆಸರು ತೆಗೆದಿಡುತ್ತೇನೆ. ಶುರುವಿನಲ್ಲಿ ಈ 14 ನಿಮಿಷ ನೋಡದೆ ಮೂರ್ನಾಲ್ಕು ಕಡೆ ಮತ್ತೆ ಹೋಗಿ ಸರಿಮಾಡಿದ್ದೇನೆ, ದಕ್ಷಿಣೆ ಇಲ್ಲದೆ, ಬಸ್ ಚಾರ್ಜು ಕೈಯಿಂದ.

ಆರ್ದ್ರೆಗೆ ರುದ್ರ. ಮಾಣಿಯಾದರೆ (ಗಂಡು ಮಗು) ಮಹಾಬಲ: ನಾಲ್ಕಕ್ಷರ, ಗಂಡಿಗೆ ಸಮಸಂಖ್ಯೆ ಸರಿಹೋಯಿತು. "ಹಳೇ ಹೆಸರು" ಎಂದು ಬಾಳಂತಿ ಮುಖ ಸಿಂಡರಿಸುತ್ತಾಳೆ. ಗೋಕರ್ಣದಲ್ಲಿ ರಾವಣ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದರೂ ಮೇಲೇಳದ ಲಿಂಗಕ್ಕೆ ಬಂದ ಹೆಸರದು, ಎತ್ತಿ ಒಗೆಯುವ ಬಲವಲ್ಲ, ಅಲುಗದೆ ಕೂರುವ ಬಲ ಎಂದು ಹೇಳಿದ ಮೇಲೆ ಒಪ್ಪಿದವರೇ ಹೆಚ್ಚು. ಊರಲ್ಲಿ ಅದು ಮಾಬ್ಲ ಆಗಿಯೇ ತೀರುತ್ತದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಹೆಣ್ಣಾದರೆ ಅಪರ್ಣಾ: ಮೂರಕ್ಷರ, ಕೊನೆಗೆ ದೀರ್ಘ. ಶಿವನಿಗಾಗಿ ಎಲೆಯನ್ನೂ ಬಿಟ್ಟು ತಪಸ್ಸು ಮಾಡಿದವಳು. ಕೊನೆಯ ಆ ದೀರ್ಘವನ್ನು ಎಳೆದು ಅಂಗಳದಿಂದ ಕೂಗಿದರೆ ತೋಟದ ತುದಿಗೂ ಕೇಳುತ್ತದೆ, ನಮ್ಮ ಕಡೆ ಅದೂ ಬೇಕು.

ಹಸ್ತಕ್ಕೆ ಸವಿತೃ. ಸವಿತಾ ಎಂಬುದು ಸಂಸ್ಕೃತದಲ್ಲಿ ಗಂಡು ಸೂರ್ಯ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಇಟ್ಟು ರೂಢಿಯಾಗಿದೆ, ನಾನು ತಡೆಯುವುದಿಲ್ಲ. ಉತ್ತರಾಭಾದ್ರೆಯ ಅಹಿರ್ಬುಧ್ನ್ಯ ಮಾತ್ರ ಬಹಳ ಕಾಡಿದ. ತಳದಲ್ಲಿರುವ ಸರ್ಪ ಎಂಬ ಅರ್ಥ ಹಿಡಿದು ಮಾಣಿಗೆ ಶೇಷ ಎಂದಿಡುತ್ತೇನೆ. ಕೂಸಿಗೆ (ಹೆಣ್ಣು ಮಗುವಿಗೆ) ಏನಿಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮಧ್ಯೆ ಮಾಸನಾಮವನ್ನೇ, ಅಂದರೆ ಹುಟ್ಟಿದ ತಿಂಗಳಿಗೆ ಹೇಳಿದ ವಿಷ್ಣುವಿನ ಹೆಸರನ್ನೇ ಕರೆಯುವ ಹೆಸರಾಗಿ ಇಟ್ಟು ನೋಡಿದ್ದೂ ಆಯಿತು. ಮಾರ್ಗಶಿರದ ಕೃಷ್ಣ, ಮಾಘದ ಅಚ್ಯುತ ನಡೆದವು. ಕಾರ್ತಿಕದ ಪುಂಡರೀಕಾಕ್ಷ ಶಾಲೆಯಲ್ಲಿ ಪುಂಡ ಆದ. ಮಾಸನಾಮವನ್ನು ಈಗ ಕಿವಿಯಲ್ಲಿ ಹೇಳುವುದಕ್ಕಷ್ಟೇ ಇಟ್ಟುಕೊಂಡಿದ್ದೇನೆ.

ಮೊಬೈಲಿನಲ್ಲಿ ಸಿಕ್ಕ ಹೆಸರು ತಂದರೆ ಧಾತು (ಪದದ ಮೂಲ) ನೋಡದೆ ಒಪ್ಪಬೇಡಿ. ಅನ್ವಿತಾ ಎಂದರೆ 'ಕೂಡಿದವಳು'. ಯಾವುದರಿಂದ ಕೂಡಿದವಳು? ಗುಣಾನ್ವಿತಾ ಎಂದರೆ ಪೂರ್ತಿಯಾಗುತ್ತದೆ. ರೇಯಾಂಶಕ್ಕೆ 'ಸೂರ್ಯನ ಅಂಶ' ಎಂದು ಬರೆದಿರುತ್ತಾರೆ, ರೇಯ ಎಂದರೆ ಸೂರ್ಯ ಎಂದು ಯಾವ ಕೋಶದಲ್ಲೂ ನನಗೆ ಸಿಕ್ಕಿಲ್ಲ.

ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಬರೆಸುವಾಗ ಮಹಾಪ್ರಾಣ ನೋಡಿಕೊಳ್ಳಿ. ಆರಾಧ್ಯಾ ಹೋಗಿ ಆರಾದ್ಯ ಆದರೆ ಅದೇ ತಪ್ಪು ದಾಖಲೆಗೂ ಹೋಗುತ್ತದೆ. ಹೆಸರಿಲ್ಲದೆ ಜನನ ನೋಂದಣಿಯಾಗಿದ್ದರೆ 12 ತಿಂಗಳೊಳಗೆ ಪುಕ್ಕಟೆ ಸೇರಿಸಬಹುದು, ಆಮೇಲೆ 15 ವರ್ಷದ ತನಕ ದಂಡ ಶುಲ್ಕ. ಬರೆದದ್ದನ್ನು ತಿದ್ದಿಸುವುದಕ್ಕೆ ಅಫಿಡವಿಟ್, ಓಡಾಟ ಸೇರಿ ಸಾವಿರದ ಮೇಲೆ ಕೈಬಿಡುತ್ತದೆ, ನನ್ನ ದಕ್ಷಿಣೆಯ ಎರಡರಷ್ಟು. ಹಾಗಾಗಿ ಏಳುವ ಮೊದಲು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಚೀಟಿಯಲ್ಲಿ ಬರೆದು ಅಜ್ಜನ ಕೈಯಲ್ಲಿ ಕೊಡುತ್ತೇನೆ. ಅಪ್ಪನ ಕೈಯಲ್ಲಿ ಕೊಟ್ಟರೆ ಕಳೆಯುತ್ತದೆ.