ಮಸ್ಕಿ ಉಪಚುನಾವಣೆ ನನ್ನನ್ನು ಟಿವಿಗೆ ಎಳೆದ ಬಗೆ

ರಾಯಚೂರು ಕೋರ್ಟಿನಲ್ಲಿ ನಾನು ನಡೆಸುವುದು ಬಹುತೇಕ ಜಮೀನಿನ ದಾವೆಗಳು. ಪಾಲು, ಒತ್ತುವರಿ, ಕಾಲುವೆ ಪಕ್ಕದ ಬದುವಿನ ಜಗಳ. ರಾಜಕೀಯ ಅಂದರೆ ಪೇಶಿ ಇಲ್ಲದ ಹೊತ್ತಿನಲ್ಲಿ ವಕೀಲರ ಸಂಘದಲ್ಲಿ ಚಹಾ ಕುಡಿಯುತ್ತಾ ಮಾಡುವ ಹರಟೆ, ಅಷ್ಟೇ. ಅದು ನನ್ನ ಇನ್ನೊಂದು ಕೆಲಸ ಆಗಿದ್ದು ನಮ್ಮ ಜಿಲ್ಲೆಯ ಮಸ್ಕಿ ಕ್ಷೇತ್ರದ ದೆಸೆಯಿಂದ.

2018ರ ಚುನಾವಣೆಯಲ್ಲಿ ಮಸ್ಕಿಯಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಗೆದ್ದಿದ್ದು ಬರೀ 213 ಮತಗಳಿಂದ. ಸೋತ ಬಿಜೆಪಿಯ ಬಸನಗೌಡ ತುರ್ವಿಹಾಳ ಕಲಬುರಗಿ ಹೈಕೋರ್ಟ್ ಪೀಠದಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಿದರು. ಮುಂದಿನ ವರ್ಷ ಪ್ರತಾಪಗೌಡರು ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದ ವಿರುದ್ಧ ರಾಜೀನಾಮೆ ಕೊಟ್ಟ ಶಾಸಕರ ಗುಂಪಿಗೆ ಸೇರಿದರು. 17 ಶಾಸಕರನ್ನು ಸ್ಪೀಕರ್ ಅನರ್ಹ ಮಾಡಿದರು. ಡಿಸೆಂಬರ್ 2019ರಲ್ಲಿ 15 ಕಡೆ ಉಪಚುನಾವಣೆ ಆಯಿತು. ಮಸ್ಕಿ ಮತ್ತು ಬೆಂಗಳೂರಿನ ರಾಜರಾಜೇಶ್ವರಿ ನಗರ ಮಾತ್ರ ಉಳಿದವು.

ಆ ದಿನಗಳಲ್ಲಿ ಮಸ್ಕಿ ಕಡೆಯ ಕಕ್ಷಿದಾರರು ಬಂದರೆ ತಮ್ಮ ಕೇಸಿಗಿಂತ ಮೊದಲು ಕೇಳುತ್ತಿದ್ದದ್ದು ಇದನ್ನೇ: "ವಕೀಲ್ರೇ, ಎಲ್ಲಾ ಕಡೆ ಎಲೆಕ್ಷನ್ ಆತು, ನಮಗ್ಯಾಕ ಇಲ್ಲ?" ಉತ್ತರಗಳೂ ಊರಲ್ಲೇ ತಯಾರಿದ್ದವು. ಸರ್ಕಾರ ಹೆದರಿದೆ ಅಂತ ಒಬ್ಬರು, ಆಯೋಗ ಮಾರಿಕೊಂಡಿದೆ ಅಂತ ಇನ್ನೊಬ್ಬರು. ಟಿವಿಯಲ್ಲೂ ಹೆಚ್ಚು ಕಡಿಮೆ ಅದೇ ಧಾಟಿ.

ಕಾರಣ ಕಾನೂನಿನಲ್ಲೇ ಇತ್ತು. ಸೋತವರು ಎದುರಾಳಿಯ ಆಯ್ಕೆ ರದ್ದು ಮಾಡಿ ಎಂದಷ್ಟೇ ಅಲ್ಲ, ತಮ್ಮನ್ನೇ ಆಯ್ಕೆಯಾದವರೆಂದು ಘೋಷಿಸಿ ಎಂದೂ ಕೇಳಬಹುದು. ಪ್ರಜಾಪ್ರತಿನಿಧಿ ಕಾಯ್ದೆಯ 84ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಅಂಥ ಅರ್ಜಿ ಬಾಕಿ ಇರುವಾಗ ಉಪಚುನಾವಣೆ ನಡೆಸಿ, ಆಮೇಲೆ ಕೋರ್ಟ್ ಅರ್ಜಿದಾರರೇ ಗೆದ್ದವರು ಅಂದರೆ? ಒಂದು ಕುರ್ಚಿಗೆ ಇಬ್ಬರು ಶಾಸಕರು! ಈ ಪ್ರಶ್ನೆ ಹೊಸದೂ ಅಲ್ಲ. ಪಕ್ಕದ ಕರ್ನೂಲಿನವರಾದ, ಆಂಧ್ರದ ಮುಖ್ಯಮಂತ್ರಿ ಆಗಿದ್ದ ದಾಮೋದರಂ ಸಂಜೀವಯ್ಯ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲೇ ಇದಕ್ಕೆ ಉತ್ತರ ಹೇಳಿದೆ. ಅರ್ಜಿ ಇತ್ಯರ್ಥ ಆಗುವವರೆಗೆ ಆಯೋಗ ಕಾಯಬಹುದು.

ಇಷ್ಟನ್ನು ಒಬ್ಬ ಪರಿಚಯದ ಸಂಪಾದಕರ ಮುಂದೆ ಹೇಳಿದೆ. "ಇದನ್ನೇ ಬರೆದುಕೊಡಿ" ಅಂದರು. ಬರೆದೆ. ನನ್ನ ಮೊದಲ ಲೇಖನ ಅದು. ದಾವೆಯ ಅರ್ಜಿ ಥರ ಇತ್ತು, ಪ್ಯಾರಾಗಳಿಗೆ ನಂಬರ್ ಹಾಕಿರಲಿಲ್ಲ, ಅಷ್ಟೇ. ಆದರೂ ಜನ ಓದಿದರು. ಸ್ಥಳೀಯ ಕೇಬಲ್ ಚಾನೆಲ್‌ನವರು ಕರೆದರು, ಆಮೇಲೆ ಬೆಂಗಳೂರಿನ ಒಂದು ಚಾನೆಲ್ ವಿಡಿಯೊ ಕಾಲ್‌ನಲ್ಲಿ ಕೂರಿಸಿತು.

ಒಪ್ಪಿಕೊಳ್ಳುವ ಮೊದಲು ವಕೀಲರ ಪರಿಷತ್ತಿನ ನಿಯಮಗಳನ್ನು ತೆಗೆದು ಓದಿದೆ. ಈ ದಾರಿಗೆ ಬರುವ ವಕೀಲರು ತಪ್ಪದೆ ನೋಡಬೇಕಾದ ಪುಟಗಳಿವು. 49ನೇ ನಿಯಮದ ಪ್ರಕಾರ ವಕೀಲಿಕೆ ಮಾಡುತ್ತಾ ಪೂರ್ಣಾವಧಿ ಸಂಬಳದ ನೌಕರಿ ಮಾಡುವಂತಿಲ್ಲ. 51ನೇ ನಿಯಮ ಪತ್ರಿಕೋದ್ಯಮ, ಪ್ರಸಾರ, ಉಪನ್ಯಾಸಕ್ಕೆ ಅವಕಾಶ ಕೊಡುತ್ತದೆ, ಆದರೆ ಅದು ಪೂರ್ಣಾವಧಿ ಕೆಲಸವಾಗಬಾರದು, ಸ್ವಂತ ಜಾಹೀರಾತೂ ಆಗಬಾರದು. ಹಾಗಾಗಿ ಯಾವ ಚಾನೆಲ್‌ನಿಂದಲೂ ಸಂಬಳ ತೆಗೆದುಕೊಂಡಿಲ್ಲ. ಲೇಖನಕ್ಕೆ ಇಷ್ಟು, ಕಾರ್ಯಕ್ರಮಕ್ಕೆ ಇಷ್ಟು, ಕೊಟ್ಟರೆ. ಸುಮಾರು ಸಲ ಕೊಡುವುದೇ ಇಲ್ಲ, ಅದು ಬೇರೆ ಮಾತು. ಪರದೆಯ ಮೇಲೆ ನನ್ನ ಹೆಸರಿನ ಜೊತೆ ಫೋನ್ ನಂಬರ್ ಹಾಕುತ್ತೇವೆ ಅಂದವರಿಗೆ ಬೇಡ ಅಂದೆ. ನಾನು ವಕಾಲತ್ತು ಹಾಕಿದ ಪ್ರಕರಣದ ಬಗ್ಗೆ ಚರ್ಚೆ ಬಂದರೆ ಆ ದಿನ ಕೂರುವುದಿಲ್ಲ.

ಚುನಾವಣೆ ಕೊನೆಗೂ 17 ಏಪ್ರಿಲ್ 2021ಕ್ಕೆ ನಡೆಯಿತು. ಅಷ್ಟೊತ್ತಿಗೆ ಇಬ್ಬರೂ ಪಕ್ಷ ಅದಲು ಬದಲು ಆಗಿದ್ದರು. ಪ್ರತಾಪಗೌಡರು ಬಿಜೆಪಿ, ತುರ್ವಿಹಾಳರು ಕಾಂಗ್ರೆಸ್. ಸ್ಟುಡಿಯೊದಲ್ಲಿ ಎರಡೇ ಮಾತು: ಜಾತಿ ಲೆಕ್ಕ, ದುಡ್ಡಿನ ಲೆಕ್ಕ. ನನಗೆ ಕ್ಷೇತ್ರ ಬೇರೆ ಥರ ಕಾಣುತ್ತಿತ್ತು. ನಾರಾಯಣಪುರ ಜಲಾಶಯದ ಬಲದಂಡೆ ನಾಲೆಯ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಅಲ್ಲಿಗೆ ಹೋದೆ. ಕಾಲುವೆ ಜಗಳದ ದಾವೆ ನಡೆಸಿದವನಿಗೆ ಅಲ್ಲಿ ಮಾತಾಡಿಸಲು ಪರಿಚಯದ ಚೀಟಿ ಬೇಕಾಗಲಿಲ್ಲ. ಯಾವ ಹಳ್ಳಿಗೆ ನೀರು ಬರುತ್ತದೆ, ಯಾವುದಕ್ಕೆ ಇಲ್ಲ, ಯಾರು ಯಾವ ಮಾತು ಕೊಟ್ಟು ಹೋದರು ಎಲ್ಲ ಬರೆದುಕೊಂಡೆ. ಆ ರಾತ್ರಿಯ ಚರ್ಚೆಯಲ್ಲಿ ನನಗೆ ಸಿಕ್ಕಿದ್ದು ಒಂದೆರಡು ನಿಮಿಷ. ಪಕ್ಷಾಂತರಕ್ಕಿಂತ ಕಾಲುವೆ ದೊಡ್ಡ ವಿಷಯ ಅಂದೆ. ನಿರೂಪಕರು "ಆಯ್ತು ಸರ್" ಅಂತ ಮುಂದಿನವರ ಹತ್ತಿರ ಹೋದರು. ಮೇ 2ರಂದು ತುರ್ವಿಹಾಳರು 30 ಸಾವಿರಕ್ಕೂ ಜಾಸ್ತಿ ಅಂತರದಿಂದ ಗೆದ್ದರು. ಎಲ್ಲವೂ ಕಾಲುವೆಯ ಮತ ಅಂತ ನಾನು ಹೇಳುವುದಿಲ್ಲ. ಪಕ್ಷ ಬಿಟ್ಟವರ ಮೇಲಿನ ಸಿಟ್ಟೂ ಇತ್ತು. ಆದರೆ ಅವತ್ತಿನಿಂದ ಚಾನೆಲ್‌ನವರು ನನ್ನ ಮಾತನ್ನು ಅರ್ಧಕ್ಕೆ ಕತ್ತರಿಸುವುದು ಸ್ವಲ್ಪ ಕಡಿಮೆಯಾಯಿತು.

ನನ್ನ ಕೆಲಸದ ರೀತಿ ಈಗಲೂ ಕೋರ್ಟಿನದೇ. ಮೊದಲು ಕಾಗದ. ಅಭ್ಯರ್ಥಿಯ ಆಸ್ತಿ, ಸಾಲ, ಕೇಸುಗಳ ವಿವರಕ್ಕೆ ಫಾರ್ಮ್ 26ರ ಪ್ರಮಾಣಪತ್ರ. ಬೂತ್‌ವಾರು ಮತಕ್ಕೆ ಫಾರ್ಮ್ 20. ಎರಡೂ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ತೆಗೆದು ಓದುವವರು ಕಮ್ಮಿ. ಹಿಂದಿನ ಪ್ರಮಾಣಪತ್ರ, ಈಗಿನದು ಪಕ್ಕಪಕ್ಕ ಇಟ್ಟರೆ ಅರ್ಧ ಲೇಖನ ತಾನೇ ಬರೆಯುತ್ತದೆ. 2014ರಲ್ಲಿ ರಾಯಚೂರು ಲೋಕಸಭೆಯನ್ನು ಬಿ.ವಿ. ನಾಯಕರು 1,499 ಮತಗಳಿಂದ ಗೆದ್ದರಲ್ಲ, ಅಂಥ ಫಲಿತಾಂಶಕ್ಕೆ 'ಅಲೆ' ಅನ್ನುವ ಮಾತು ಎಲ್ಲೂ ಅಂಟುವುದಿಲ್ಲ. ಬೂತುಗಳನ್ನೇ ನೋಡಬೇಕು. ರಾಯಚೂರು ಜಿಲ್ಲೆಯ 7 ವಿಧಾನಸಭಾ ಕ್ಷೇತ್ರಗಳಲ್ಲಿ 4 ಪರಿಶಿಷ್ಟ ಪಂಗಡಕ್ಕೆ, 1 ಪರಿಶಿಷ್ಟ ಜಾತಿಗೆ ಮೀಸಲು. ಹಾಗಾಗಿ ಬೆಂಗಳೂರಿನ ಜಾತಿ ಸೂತ್ರಗಳು ಇಲ್ಲಿ ಅರ್ಧಕ್ಕೇ ನಿಲ್ಲುತ್ತವೆ. ಎದುರೆದುರು ನಿಂತವರಿಬ್ಬರೂ ಒಂದೇ ಸಮುದಾಯದವರಾದರೆ ನಿಮ್ಮ ಸೂತ್ರ ಏನು ಮಾಡುತ್ತದೆ ಹೇಳಿ!

ಎರಡನೆಯದು, ಪದಗಳ ಎಚ್ಚರ. ಎಫ್‌ಐಆರ್ ಬೇರೆ, ಆರೋಪಪಟ್ಟಿ ಬೇರೆ, ದೋಷಿ ಅನ್ನುವ ತೀರ್ಪು ಬೇರೆ. ಟಿವಿಯಲ್ಲಿ ಮೂರೂ ಒಂದೇ. ಮಾನನಷ್ಟದ ನೋಟಿಸ್ ಬರುವುದು ಹೆಚ್ಚಾಗಿ ಈ ಕಾರಣಕ್ಕೆ. ಮೇ 2025ರಲ್ಲಿ ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ಕೋರ್ಟ್ ಗಂಗಾವತಿ ಶಾಸಕ ಜನಾರ್ದನ ರೆಡ್ಡಿಗೆ 7 ವರ್ಷ ಶಿಕ್ಷೆ ಕೊಟ್ಟಾಗ ಅವರ ಶಾಸಕ ಸ್ಥಾನ ಹೋಯಿತು. ಮಾರನೇ ದಿನವೇ ಗಂಗಾವತಿಗೆ ಅಭ್ಯರ್ಥಿ ಯಾರು ಎಂಬ ಚರ್ಚೆ ಶುರು. ನಾನು ತಡೆಯಿರಿ ಅಂದೆ. ಎರಡು ವರ್ಷ ಅಥವಾ ಜಾಸ್ತಿ ಶಿಕ್ಷೆ ಆದರೆ ತಕ್ಷಣ ಅನರ್ಹತೆ ನಿಜ. ಮೇಲ್ಮನವಿ ಹಾಕಿ ಕುರ್ಚಿ ಉಳಿಸಿಕೊಳ್ಳುವ ದಾರಿಯನ್ನು ಸುಪ್ರೀಂ ಕೋರ್ಟ್ 2013ರ ಲಿಲಿ ಥಾಮಸ್ ತೀರ್ಪಿನಲ್ಲಿ ಮುಚ್ಚಿತು. ಆದರೆ ದೋಷಿ ಎಂಬ ತೀರ್ಪಿಗೇ ತಡೆ ಸಿಕ್ಕರೆ ಕಥೆ ಬೇರೆ. ಮುಂದಿನ ತಿಂಗಳು ತೆಲಂಗಾಣ ಹೈಕೋರ್ಟ್ ಆದೇಶ ಬಂತು, ಶಾಸಕ ಸ್ಥಾನ ಮರಳಿತು. ಅಭ್ಯರ್ಥಿಗಳ ಪಟ್ಟಿ ಮಾಡಿದವರು ಸುಮ್ನೆ ಬೇರೆ ವಿಷಯಕ್ಕೆ ಹೋದರು.

ಕಷ್ಟ ಆಗಿದ್ದು ಬೇರೆ ಕಡೆ. ವಕೀಲನಿಗೆ ಒಬ್ಬ ಕಕ್ಷಿದಾರ ಇರುತ್ತಾನೆ, ಆ ಕಕ್ಷಿದಾರನ ಪರವಾಗಿ ಮಾತಾಡುವುದೇ ವಕೀಲನ ಧರ್ಮ. ವಿಶ್ಲೇಷಕನಿಗೆ ಕಕ್ಷಿದಾರ ಇಲ್ಲ. ಇದನ್ನು ಊರಿನವರಿಗೆ ಒಪ್ಪಿಸುವುದು ಆಗದ ಮಾತು. ಒಂದು ವಾರ ನಾನು ಅವರ ಕಡೆ, ಇನ್ನೊಂದು ವಾರ ಇವರ ಕಡೆ ಅಂತ ಊರಿನ ತೀನ್ ಕಂದೀಲ್ ವೃತ್ತದಲ್ಲಿ ತೀರ್ಮಾನ ಆಗಿರುತ್ತದೆ. ಒಬ್ಬ ಹಳೆ ಕಕ್ಷಿದಾರರು ತಮ್ಮ ಪಕ್ಷದ ಬಗ್ಗೆ ಬರೆದದ್ದಕ್ಕೆ ಫೈಲು ವಾಪಸ್ ಕೇಳಿದರು. ಬೇರೆ ವಕೀಲರನ್ನು ಇಟ್ಟುಕೊಳ್ಳಲು ನನ್ನ ಆಕ್ಷೇಪ ಇಲ್ಲ ಅಂತ ಎನ್‌ಒಸಿ ಬರೆದುಕೊಟ್ಟೆ. ಬಾಕಿ ಫೀಸು ಕೇಳಲಿಲ್ಲ, ಅವರೂ ಕೊಡಲಿಲ್ಲ.

ಇನ್ನೊಂದು ಬೇಜಾರು, ನಮ್ಮ ವಿಷಯಗಳಿಗೆ ಸಿಗುವ ಜಾಗ. ಐಐಟಿ ರಾಯಚೂರಿಗೆ ಬರಲಿಲ್ಲ, ಧಾರವಾಡಕ್ಕೆ ಹೋಯಿತು. ಏಮ್ಸ್ ಆದರೂ ಕೊಡಿ ಅಂತ ಮೇ 2022ರಲ್ಲಿ ಇಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಅದರ ಮೇಲೆ ಒಂದು ಗಂಟೆ ಚರ್ಚೆ ಇಡಿ ಅಂತ ಕೇಳಿಕೊಂಡರೆ "ಸುದ್ದಿ ಬಿಸಿ ಇಲ್ಲ ಸರ್" ಅನ್ನುತ್ತಾರೆ. ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿಯ ಬಗ್ಗೆ ಕೂಡ ಹಾಗೇ. ಹುದ್ದೆ ಖಾಲಿ ಎಷ್ಟು, ತುಂಬಿದ್ದು ಎಷ್ಟು ಅನ್ನುವುದು ಇಲ್ಲಿನ ಹುಡುಗರ ಬದುಕಿನ ಪ್ರಶ್ನೆ. ಅದಕ್ಕೇ ಇಂಥವನ್ನು ಟಿವಿಗೆ ಕಾಯದೆ ಪತ್ರಿಕೆಗೆ ಬರೆಯುತ್ತೇನೆ, ಅಥವಾ ಮೊಬೈಲ್ ಮುಂದೆ ಕೂತು ಮಾತಾಡಿ ಯೂಟ್ಯೂಬ್‌ಗೆ ಹಾಕುತ್ತೇನೆ.

ಈಗ ನನ್ನ ಜೂನಿಯರ್‌ಗಳಲ್ಲಿ ಒಬ್ಬಳಿಗೆ ಈ ಕಡೆ ಬರುವ ಆಸೆ. ಮೈಕ್ ಯಾವುದು ತಗೊಳ್ಳಲಿ ಅಂತ ಕೇಳಿದಳು. ಮೈಕ್ ಆಮೇಲೆ, ಮೊದಲು ಕಲಬುರಗಿಗೆ ಹೋಗಿ ಒಂದು ಚುನಾವಣಾ ತಕರಾರು ಅರ್ಜಿಯ ವಿಚಾರಣೆಯನ್ನು ಶುರುವಿನಿಂದ ಕೊನೆತನಕ ಕೂತು ನೋಡು ಅಂದೆ. ಬಸ್ ಚಾರ್ಜು ನಾನೇ ಕೊಡುತ್ತೇನೆ ಅಂತಲೂ ಹೇಳಿದ್ದೇನೆ.